ಅಳಿಯನ ಕೆಮ್ಮು

ಬೆಳಗಿನ ಐದಕ್ಕೆ ನಾನು ಗಾಡಿ ನಿಲ್ಲಿಸುವ ಮೂಲೆ ಇದು,
ಲೀಮಾದ ಬಡಗಣ ಗುಡ್ಡದ ಬುಡ.
ಬಾರ್ಲಿ, ಅಗಸೆ, ಕುದುರೆಬಾಲದ ಸೊಪ್ಪು ಕುದಿಸಿದ ಎಮೊಲಿಯೆಂತೆ,
ಮೇಲೊಂದಿಷ್ಟು ನಿಂಬೆ.
ಇಲ್ಲಿ ಮಳೆ ಅಂತ ಬರುವುದಿಲ್ಲ. ತಿಂಗಳುಗಟ್ಟಲೆ ಮಂಜು,
ಹಿಂಡದ ಬಟ್ಟೆಯ ಹಾಗೆ ಮುಖಕ್ಕೆ ಅಂಟಿರುತ್ತದೆ.
ಗಾಜಿನ ಲೋಟ ಹದಿನಾಲ್ಕು, ತೊಳೆಯುವ ಬಕೆಟ್ಟು ಒಂದು.
ಸುದ್ದಿಗೆ ಲೆಕ್ಕವಿಟ್ಟಿಲ್ಲ.

ದೊನ್ ಎಲೆಯುತೇರಿಯೊ ದಿನಾ ಬರುತ್ತಿದ್ದ.
ಮೂವತ್ತೊಂದು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ
ಜನರ ಕಫವನ್ನು ಗಾಜಿಗೆ ಸವರಿ
ಕೆಂಪು ಕಡ್ಡಿಗಳನ್ನು ಎಣಿಸಿದವನು.
ಅವನ ಮಗಳು ನೆಲಿದಾಳ ಮದುವೆಯಲ್ಲಿ
ಚಪ್ಪಲಿ ಕೈಯಲ್ಲಿ ಹಿಡಿದು ಕುಣಿದಿದ್ದೆ ನಾನು.
ಮದುಮಗ ಒಸ್ವಾಲ್ದೊ, ಒಣಕಲು ಹುಡುಗ, ಟೈಲ್ಸ್ ಕೂರಿಸುವವನು.
ಕುಣಿತದ ನಡುವೆ ಎರಡು ಸಲ ಕೆಮ್ಮಿದ.
ಸಿಮೆಂಟಿನ ಧೂಳು, ಅಂದುಕೊಂಡೆವು.

ಹನ್ನೆರಡನೇ ದಿನ ಗಂಡಹೆಂಡಿರು ಮ್ಯಾಡ್ರಿಡ್‌ಗೆ ಹಾರಿದರು,
ಅವನ ಅಣ್ಣನ ಮನೆಗೆ.
ಅಲ್ಲಿ ರಕ್ತ ಉಗುಳಿದ.
ಯಾವ ಗುಳಿಗೆಗೂ ಬಗ್ಗದ ಕ್ಷಯ ಎಂದರು.
ವಿಮಾನದಲ್ಲಿ ಅವನ ಹಿಂದೆ ಎರಡು ಸಾಲು, ಮುಂದೆ ಎರಡು ಸಾಲು
ಕೂತವರನ್ನೆಲ್ಲ ಹುಡುಕಿ ಕರೆದರು.
ಟೀವಿಯಲ್ಲಿ ಮದುವೆಯ ಫೋಟೋ ಬಂತು.
ಫೋಟೋದ ಅಂಚಿನಲ್ಲಿ
ಅಳಿಯನ ಹೆಗಲ ಮೇಲೆ ಕೈಯಿಟ್ಟು ಮಾವ.

ಅಷ್ಟು ಸಾಕಾಯಿತು.
ಮಾವನ ಕಪಾಟಿನಲ್ಲಿ ಕ್ಷಯ, ಅಳಿಯನ ಎದೆಯಲ್ಲೂ ಕ್ಷಯ,
ಕಣ್ಣಿದ್ದವರಿಗೆ ಇನ್ನೇನು ಬೇಕು? ಅಂದ ಗ್ಯಾಸು ಮಾರುವ ಫಾವ್ಸ್ತೊ.
ಶೀಶೆಯನ್ನೇ ಮನೆಗೆ ತಂದಿಟ್ಟಿದ್ದನಂತೆ.
ಅಲ್ಲ, ಅಂಗಿಯ ತೋಳಿನಲ್ಲಿ ಬಂದದ್ದಂತೆ.
ಔಷಧದ ಕಂಪನಿಯವರು ದುಡ್ಡು ಕೊಟ್ಟಿದ್ದರಂತೆ,
ಹೊಸ ಗುಳಿಗೆಗೆ ಒಂದು ಎಳೆಯ ಎದೆ ಬೇಕಿತ್ತಂತೆ.
ಮಗಳಿಗೇಕೆ ತಗುಲಲಿಲ್ಲ? ಮೊದಲೇ ಚುಚ್ಚಿಸಿದ್ದನಂತೆ.
ಅವನಿಗೆ ಈ ಸಂಬಂಧವೇ ಒಪ್ಪಿಗೆಯಿರಲಿಲ್ಲವಂತೆ.
ಅಂತೆಗೆ ಕಾಲಿಲ್ಲ.
ಆದರೂ ನಮ್ಮ ಗುಡ್ಡದ ಮುನ್ನೂರು ಮೆಟ್ಟಿಲನ್ನು
ಒಂದೇ ಉಸಿರಿಗೆ ಹತ್ತಿತು.

ನಾನೇನೂ ಹೇಳಲಿಲ್ಲ.
ಒಂದೇ ಒಂದು ಮಾತು:
ಮದುವೆಯ ದಿನ ಮುದುಕ ತನ್ನ ಕೈಯಾರೆ
ಅಳಿಯನಿಗೆ ಲೋಟ ತುಂಬಿ ಕುಡಿಸಿದ, ಅಂತ.
ಸುಳ್ಳಲ್ಲ. ಎಲ್ಲರಿಗೂ ಕುಡಿಸಿದ್ದ, ನನಗೂ.
ಆ ಉಳಿದರ್ಧವನ್ನು ಲೋಟದ ಜೊತೆ
ಬಕೆಟ್ಟಿನಲ್ಲಿ ಅದ್ದಿಬಿಟ್ಟೆ.

ಆಮೇಲೆ ಕಾಗದ ಬಂತು, ಮೊಹರಿನ ಸಮೇತ:
ಶೀಶೆಯ ಹುಳದ ವಂಶ ಬೇರೆ, ಎದೆಯ ಹುಳದ ವಂಶ ಬೇರೆ.
ರೋಗಕ್ಕೂ ಬಳಗ ಕೇಳುತ್ತಾರೆ ಎಂದು
ಅವತ್ತೇ ನನಗೆ ಗೊತ್ತಾದದ್ದು.
ಮೊಹರು ಯಾರ ಕೈಯಲ್ಲಿತ್ತು, ಅದನ್ನು ಹೇಳಿ, ಅಂದ ಫಾವ್ಸ್ತೊ.

ಮುದುಕ ಮತ್ತೆ ಬಂದದ್ದು ಜುಲೈನಲ್ಲಿ.
ಜೇಬಿನಿಂದ ತನ್ನದೇ ಲೋಟ ತೆಗೆದು ಗಾಡಿಯ ಮೇಲಿಟ್ಟ.
"ಸಕ್ಕರೆ ಕಡಿಮೆ, ಎರ್ಲಿಂದಾ."
ಸಾಲಿನಲ್ಲಿದ್ದವರು ಎರಡು ಹೆಜ್ಜೆ ಸರಿದರು.
ಅವನು ಊದಿ ಊದಿ ಕುಡಿದ. ಆಮೇಲೆ,
"ರಾತ್ರಿ ಎದ್ದು ಕೂತು ಹಳೆಯ ಅಂಗಿಗಳ ತೋಳು ನೋಡುತ್ತೇನೆ.
ಏನೂ ಕಾಣಿಸುವುದಿಲ್ಲ.
ಕಣ್ಣಿಗೆ ಕಾಣುವಂಥದ್ದಲ್ಲ ಅದು,
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"
ಚಿಲ್ಲರೆ ಎಣಿಸಿಟ್ಟು ಹೋದ. ಎಂದಿನಂತೆ ಸರಿಯಾಗಿತ್ತು.

ನಾಲ್ಕು ವರ್ಷ ಒಸ್ವಾಲ್ದೊ ಕೆಲಸಕ್ಕೆ ಹೋದದ್ದು
ನಾನು ನಿಂಬೆ ತರಲು ಹೋಗುವ ಇದೇ ವ್ಯಾನಿನಲ್ಲಿ.
ಒಂದೂವರೆ ಗಂಟೆಯ ದಾರಿ,
ಹನ್ನೆರಡು ಸೀಟು, ಇಪ್ಪತ್ತೆರಡು ಜನ.
ಇವತ್ತು ಯಾಕೋ ಕಿಟಕಿಗೆ ಕೈ ಹಾಕಿದೆ.
ತುಕ್ಕು ಹಿಡಿದಿತ್ತು. ಅಂಗೈ ಕೊಟ್ಟು ನೂಕಿದೆ.
ಎರಡು ಬೆರಳಿನಷ್ಟು ಸರಿಯಿತು.

"ಮುಚ್ಚಮ್ಮಾ," ಹಿಂದಿನವಳು, "ಮಗುವಿಗೆ ಥಂಡಿ."

ಮುಚ್ಚಿದೆ.
ಗಾಜಿನ ಮೇಲೆ ಎಲ್ಲರ ಉಸಿರೂ ನೀರಾಗಿ ಇಳಿಯುತ್ತಿತ್ತು,
ಯಾರದು ಯಾವುದೆಂಬ ಗುರುತಿಲ್ಲದೆ.